ಸಾಸೇಜಿನ ಹುಳಿ-ಸಿಹಿ ನಮ್ಮ ಒಲೆಯದೇ ಆಗಲಿ

ಮೈಸೂರಿನ ಯಾವ ದೊಡ್ಡ ಸೂಪರ್ ಮಾರ್ಕೆಟ್ಟಿಗೆ ಹೋದರೂ ಈಗ ಸಾಸೇಜ್ ಸಿಗುತ್ತದೆ. ಫ್ರೀಜರಿನಲ್ಲಿ ಚಿಕನ್ ಸಾಸೇಜಿನ ಪೊಟ್ಟಣಗಳು, ಅಲ್ಲೇ ಎದುರಿನ ಕಪಾಟಿನಲ್ಲಿ ಬಾಟಲಿಗಳು: ಬಾರ್ಬೆಕ್ಯೂ ಸಾಸ್, ಸ್ವೀಟ್ ಚಿಲ್ಲಿ ಸಾಸ್, ಹನಿ ಮಸ್ಟರ್ಡ್. ಪೊಟ್ಟಣ ಎತ್ತಿಕೊಂಡವರು ಬಾಟಲಿಯನ್ನೂ ಬುಟ್ಟಿಗೆ ಹಾಕಿಕೊಳ್ಳುತ್ತಾರೆ. ಮನೆಗೆ ಬಂದು ಸಾಸೇಜ್ ಹುರಿದು, ಮೇಲೆ ಬಾಟಲಿ ಬಗ್ಗಿಸಿದರೆ ಹೋಟೆಲಿನಲ್ಲಿ ಕೊಡುವಂಥ ಹೊಳೆಯುವ ಹುಳಿ-ಸಿಹಿ ಲೇಪ ಸಿದ್ಧ. ಸಾಸೇಜ್ ಕೊಳ್ಳುವುದರ ಬಗ್ಗೆ ನನ್ನ ತಕರಾರಿಲ್ಲ, ನಾನೂ ಕೊಳ್ಳುತ್ತೇನೆ. ತಕರಾರಿರುವುದು ಬಾಟಲಿಯ ಬಗ್ಗೆ.

ಹುಳಿ, ಸಿಹಿ, ಖಾರ ಮೂರನ್ನೂ ಒಂದೇ ಪಾತ್ರೆಯಲ್ಲಿ ಹದಕ್ಕೆ ತರುವುದನ್ನು ಕನ್ನಡನಾಡಿನ ಅಡುಗೆಮನೆಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಹಾಗಲಕಾಯಿಯ ಕಹಿಯನ್ನೂ ಹುಳಿ-ಬೆಲ್ಲದಲ್ಲಿ ಪಳಗಿಸಿ ಗೊಜ್ಜು ಮಾಡಿದ ಜನ ನಾವು. ಅನಾನಸ್ ಗೊಜ್ಜು, ಪುಳಿಯೋಗರೆ ಗೊಜ್ಜು, ಉಡುಪಿ ಕಡೆಯ ಮೆಣಸ್ಕಾಯಿ, ಎಲ್ಲವೂ ಈ ಮೂರು ರುಚಿಗಳ ಲೆಕ್ಕಾಚಾರವೇ. ಹುಣಸೆಹಣ್ಣು ಕಿವುಚುತ್ತಿರುವಾಗಲೇ ಇದಕ್ಕೆ ಇಷ್ಟು ಬೆಲ್ಲ ಬೇಕು ಎಂದು ಅಂದಾಜು ಮಾಡಬಲ್ಲವರು ಪ್ರತಿ ಬೀದಿಯಲ್ಲೂ ಇದ್ದಾರೆ. ಅಂಥವರ ಮನೆಯಲ್ಲೇ ಸಾಸೇಜ್ ಬಂದ ದಿನ ಆ ಲೆಕ್ಕಾಚಾರವನ್ನೆಲ್ಲ ಬದಿಗಿಟ್ಟು ಬಾಟಲಿಗೆ ಕೈಚಾಚುವುದು ನನ್ನನ್ನು ನಿಜವಾಗಿಯೂ ನೋಯಿಸುತ್ತದೆ. ನಾಲಿಗೆಯ ತೀರ್ಮಾನವನ್ನು ಕಾರ್ಖಾನೆಯೊಂದಕ್ಕೆ ಬರೆದುಕೊಟ್ಟಂತೆ ನನಗೆ ಕಾಣುತ್ತದೆ.

ನಾನು ಸೋಮವಾರಪೇಟೆ ಕಡೆಯವಳು. ಜೂನ್‌ನಲ್ಲಿ ಮಳೆ ಹಿಡಿದರೆ ವಾರಗಟ್ಟಲೆ ಬಿಡದ ಊರು. ಒಲೆಯ ಪಕ್ಕದಲ್ಲಿ ಕೂತು ಅಕ್ಕಿ ಕಡುಬು, ಹಂದಿ ಸಾರು ಉಣ್ಣುವುದು ನಮಗೆ ಹಬ್ಬಕ್ಕೆ ಮಾತ್ರ ಮೀಸಲಾದ ಸಂಗತಿಯಲ್ಲ. ಆ ಸಾರು ಇಳಿಸುವ ಮುಂಚೆ ಅಮ್ಮ ಕಪ್ಪಗಿನ ಕಾಚಂಪುಳಿಯನ್ನು ಚಮಚದಲ್ಲಿ ಅಳೆದು ಬಿಡುತ್ತಿದ್ದರು. ‘ಮೊದಲೇ ಬಿಡಬಾರದು ಕಣೆ, ಮಾಂಸ ಬೆಂದ ಮೇಲೆಯೇ ಹುಳಿ’ ಎಂದು ನನಗೂ ತಂಗಿಗೂ ಹೇಳುತ್ತಿದ್ದರು. ಮದುವೆಯಾಗಿ ಮೈಸೂರಿಗೆ ಬಂದಾಗ ನನ್ನ ಜೊತೆ ಬಂದ ಸಾಮಾನಿನಲ್ಲಿ ಕಾಚಂಪುಳಿ ಬಾಟಲಿಯೂ ಇತ್ತು. ಸಾಸೇಜಿಗೆ ಲೇಪ ಮಾಡಬೇಕೆಂದು ಮಗ ಹಟ ಹಿಡಿದ ದಿನ ನಾನು ತೆಗೆದದ್ದು ಅದನ್ನೇ.

ಕಾಚಂಪುಳಿ ಹೇಗೆ ಆಗುತ್ತದೆ ಎಂಬುದು ಕೊಡಗಿನ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಲೆನಾಡಿನವರು ಉಪ್ಪಾಗೆ ಎನ್ನುವ, ಕೇರಳದವರು ಕೊಡಂಪುಳಿ ಎನ್ನುವ ಮರದ ಹಣ್ಣು ಅದು. ಸಸ್ಯಶಾಸ್ತ್ರದಲ್ಲಿ ಗಾರ್ಸಿನಿಯಾ ಗಮ್ಮಿ-ಗುಟ್ಟ. ಪುನರ್ಪುಳಿಯ ಹತ್ತಿರದ ಬಂಧು. ಮಳೆಗಾಲದಲ್ಲಿ ಹಣ್ಣಾಗಿ ಉದುರಿದ್ದನ್ನು ಆರಿಸಿ ತಂದು ಬುಟ್ಟಿಯಲ್ಲಿ ಪೇರಿಸಿ ಕೆಳಗೊಂದು ಪಾತ್ರೆ ಇಡುತ್ತಾರೆ. ಹಣ್ಣು ಕಳಿತು ಮೆತ್ತಗಾದಂತೆ ರಸ ತಾನಾಗಿ ತೊಟ್ಟಿಕ್ಕುತ್ತದೆ. ಆ ರಸವನ್ನು ಒಲೆಯ ಮೇಲಿಟ್ಟು, ನೀರಿನಂಶ ಇಂಗಿ ಕಪ್ಪಾಗಿ ಮಂದವಾಗುವವರೆಗೆ ಕಾಯಿಸುತ್ತಾರೆ. ಬುಟ್ಟಿಗಟ್ಟಲೆ ಹಣ್ಣಿಗೆ ಸಿಗುವುದು ಒಂದಿಷ್ಟೇ ಹುಳಿ. ವರ್ಷಗಟ್ಟಲೆ ಇಟ್ಟರೂ ಕೆಡುವುದಿಲ್ಲ. ಚಮಚದಿಂದ ನಿಧಾನವಾಗಿ ಇಳಿಯಬೇಕು, ಮೂಗಿಗೆ ಹಣ್ಣಿನ, ಹೊಗೆಯ ವಾಸನೆ ಬರಬೇಕು. ನೀರಿನಂತೆ ಹರಿದು ವಿನೆಗರ್‌ನ ಘಾಟು ಹೊಡೆಯುವ ಕಪ್ಪು ದ್ರವವನ್ನು ಯಾರಾದರೂ ಈ ಹೆಸರಿನಲ್ಲಿ ಮಾರಿದರೆ ಕೊಳ್ಳಬೇಡಿ.

ಸಿಹಿಗೆ ನನ್ನ ಆಯ್ಕೆ ಜೋನಿ ಬೆಲ್ಲ. ಶಿರಸಿ, ಸಿದ್ದಾಪುರ, ಸಾಗರದ ಕಡೆ ಆಲೆಮನೆಗಳಲ್ಲಿ ಕಬ್ಬಿನ ಹಾಲನ್ನು ಅಚ್ಚಿಗೆ ಹೊಯ್ಯುವ ಹದಕ್ಕಿಂತ ಮುಂಚೆಯೇ ಇಳಿಸಿ ಡಬ್ಬಗಳಲ್ಲಿ ತುಂಬುವ ಬೆಲ್ಲ. ದೋಸೆಗೆ ನೆಂಚಿಕೊಳ್ಳಲು ಮಾತ್ರ ಅದು ಎಂದು ಮಲೆನಾಡಿನವರು ತಿಳಿದಿದ್ದಾರೆ. ಬಾಣಲೆಯ ಮೇಲೆ ಹೊಳಪು ಕೊಡಲು ಅದಕ್ಕಿಂತ ಒಳ್ಳೆಯ ಪದಾರ್ಥ ನಾನು ಕಂಡಿಲ್ಲ. ಮೊದಲೇ ಪಾಕವಾಗಿದೆ, ಕರಗಿಸುವ ಕೆಲಸವಿಲ್ಲ, ಬೆಲ್ಲದ ತಳದಲ್ಲಿ ಒಂದು ಸಣ್ಣ ಉಪ್ಪಿನ ರುಚಿಯೂ ಇದೆ. ಅದು ಸಿಗದಿದ್ದರೆ ಮಂಡ್ಯದ ಅಚ್ಚು ಬೆಲ್ಲ ಕುಟ್ಟಿ ನೀರಿನಲ್ಲಿ ಕರಗಿಸಿ ಸೋಸಿಕೊಳ್ಳಿ. ಸೋಸುವುದನ್ನು ಮಾತ್ರ ಮರೆಯಬೇಡಿ. ಎಷ್ಟು ಒಳ್ಳೆಯ ಬೆಲ್ಲದಲ್ಲೂ ಮರಳಿನ ಕಣ ಇರುತ್ತದೆ.

ಜೇನುತುಪ್ಪ ಯಾಕೆ ಬೇಡ ಎಂದು ಕೇಳುವವರಿದ್ದಾರೆ. ಇಂಗ್ಲೆಂಡಿನ ಮನೆಗಳಲ್ಲಿ ಸಾಸೇಜಿಗೆ ಜೇನು, ಸಾಸಿವೆ ಹಚ್ಚುವುದು ರೂಢಿ, ಬಾಟಲಿಯವರು ನಕಲು ಮಾಡಿರುವುದೂ ಅದನ್ನೇ. ಆದರೆ ಜೇನಿನಲ್ಲಿ ಫ್ರಕ್ಟೋಸ್ ಹೆಚ್ಚು. ಸಾಮಾನ್ಯ ಸಕ್ಕರೆ ಕಂದಾಗಿ ಕರಗುವುದು ಸುಮಾರು 160 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲಾದರೆ ಫ್ರಕ್ಟೋಸ್ 110ರ ಆಸುಪಾಸಿನಲ್ಲೇ ಬಣ್ಣ ತಿರುಗುತ್ತದೆ. ಕಾದ ಬಾಣಲೆಯಲ್ಲಿ ಜೇನು ಸೀಯುವುದು ಕ್ಷಣದ ಮಾತು. ಅದಲ್ಲದೆ ಕೊಡಗಿನಲ್ಲಿ ಬೆಳೆದ ನನಗೆ ಒಳ್ಳೆಯ ಜೇನನ್ನು ಬಾಣಲೆಗೆ ಸುರಿಯಲು ಮನಸ್ಸು ಬರುವುದಿಲ್ಲ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ನಮ್ಮ ಕಡೆಯ ತುಡುವೆ ಜೇನಿನ ಪೆಟ್ಟಿಗೆಗಳು ಸಾಲುಸಾಲಾಗಿ ಖಾಲಿಯಾದವು. ಆ ಕಾಲ ಕಂಡವರು ಜೇನನ್ನು ಕಾಯಿಸುವುದಿಲ್ಲ.

ಈಗ ಒಲೆಯ ಮುಂದೆ ಬರೋಣ. ಹೆಚ್ಚಿನ ಮನೆಗಳಲ್ಲಿ ಸಾಸೇಜ್ ಕೆಡುವುದು ರುಚಿಯಲ್ಲಲ್ಲ, ಕ್ರಮದಲ್ಲಿ. ಎಣ್ಣೆ ಕಾಯಿಸಿ, ಸಾಸೇಜ್ ಹಾಕಿ, ಕೂಡಲೇ ಸಾಸ್ ಸುರಿದರೆ ಹೊರಗೆ ಸಕ್ಕರೆ ಸೀದು ಕಪ್ಪಾಗುತ್ತದೆ, ಒಳಗೆ ಮಾಂಸ ಹಸಿಯಾಗಿಯೇ ಉಳಿಯುತ್ತದೆ. ಕಾರಣ ಸರಳ. ಅರೆದ ಹಂದಿ ಮಾಂಸದ ನಡುಭಾಗ 71 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು, ಕೋಳಿಯದಾದರೆ 74. ಬಿಸಿ ಅಲ್ಲಿಗೆ ತಲುಪಲು ಹೊತ್ತು ಬೇಕು. ಸಕ್ಕರೆಗೆ ಅಷ್ಟು ಹೊತ್ತು ತಾಳ್ಮೆಯಿಲ್ಲ. ಆದ್ದರಿಂದ ಮೊದಲು ಮಾಂಸ ಬೇಯಬೇಕು, ಆಮೇಲೆ ಕಂದು ಬಣ್ಣ ಬರಬೇಕು, ಎಲ್ಲಕ್ಕಿಂತ ಕೊನೆಗೆ ಲೇಪ. ಅಮ್ಮ ಸಾರಿನ ವಿಷಯದಲ್ಲಿ ಹೇಳಿದ್ದೂ ಇದನ್ನೇ.

ಹಂದಿ ಮಾಂಸದ ಅಂಗಡಿಯಿಂದ ತಂದ ಹಸಿ ಸಾಸೇಜ್ ಅರ್ಧ ಕಿಲೋ ಎಂದಿಟ್ಟುಕೊಳ್ಳಿ. ದಪ್ಪ ತಳದ ಅಗಲ ಬಾಣಲೆಯಲ್ಲಿ ಒಂದರ ಪಕ್ಕ ಒಂದು ಜೋಡಿಸಿ. ಅರ್ಧ ಮುಳುಗುವಷ್ಟು ತಣ್ಣೀರು ಹಾಕಿ, ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಹತ್ತು ಹನ್ನೆರಡು ನಿಮಿಷ ಬಿಡಿ, ನಡುವೆ ಒಮ್ಮೆ ಮಗುಚಿ. ನೀರು ಕೊತಕೊತ ಕುದಿಯಬಾರದು, ಅಂಚಿನಲ್ಲಿ ಸಣ್ಣ ಗುಳ್ಳೆ ಏಳುತ್ತಿದ್ದರೆ ಸಾಕು. ಸಾಸೇಜಿನ ಹೊರಗಿನ ತೊಗಲು ಕರುಳಿನದು ಅಥವಾ ಕೊಲಾಜೆನ್‌ನದು; ಜೋರು ಬಿಸಿ ತಗುಲಿದರೆ ಅದು ಒಮ್ಮೆಗೇ ಸೆಟೆದು ಕುಗ್ಗುತ್ತದೆ, ಒಳಗಿನ ಹೂರಣ ಹಿಗ್ಗುತ್ತದೆ, ಹೀಗಾಗಿ ಒಡೆಯುತ್ತದೆ. ಒಡೆಯದಿರಲಿ ಎಂದು ಫೋರ್ಕಿನಿಂದ ಚುಚ್ಚುವ ಅಭ್ಯಾಸ ನಮ್ಮಲ್ಲಿದೆ. ದಯವಿಟ್ಟು ಚುಚ್ಚಬೇಡಿ. ಆ ತೂತುಗಳಿಂದ ಹೋಗುವುದು ಕೊಬ್ಬು ಮತ್ತು ರಸ, ಅಂದರೆ ನೀವು ದುಡ್ಡು ಕೊಟ್ಟ ರುಚಿ.

ಮುಚ್ಚಳ ತೆಗೆದ ಮೇಲೆ ನೀರು ಇಂಗುತ್ತಾ ಬಂದು ತಳದಲ್ಲಿ ಸಾಸೇಜೇ ಬಿಟ್ಟ ಕೊಬ್ಬು ಮಾತ್ರ ಉಳಿಯುತ್ತದೆ. ಆಗ ಶಬ್ದ ಬದಲಾಗುತ್ತದೆ. ಗುಳುಗುಳು ಹೋಗಿ ಚುರುಚುರು ಶುರುವಾಗುತ್ತದೆ. ನೀರಿರುವವರೆಗೆ ಬಾಣಲೆ ನೂರು ಡಿಗ್ರಿ ದಾಟುವುದಿಲ್ಲ, ಇಂಗಿದ ಮೇಲೆ ದಾಟುತ್ತದೆ. 140ರ ಸುಮಾರಿಗೆ ಮಾಂಸದ ಪ್ರೋಟೀನ್ ಮತ್ತು ಸಕ್ಕರೆ ಅಂಶಗಳು ಕೂಡಿ ಕಂದು ಬಣ್ಣ, ಹುರಿದ ಪರಿಮಳ ಹುಟ್ಟುತ್ತದೆ. ಫ್ರಾನ್ಸಿನ ಲೂಯಿ ಕಮಿಲ್ ಮಯಾರ್ 1912ರಲ್ಲಿ ವಿವರಿಸಿದ ಕ್ರಿಯೆ ಇದು. ಈರುಳ್ಳಿ ಬಾಡಿಸುವಾಗ, ಕಾಫಿ ಬೀಜ ಹುರಿಯುವಾಗ ಆಗುವುದೂ ಇದೇ. ಕಾಫಿ ಹುರಿಯುವ ಊರಿನವರಿಗೆ ಎಲ್ಲಿ ನಿಲ್ಲಿಸಬೇಕೆಂಬುದು ಮೂಗಿನಿಂದಲೇ ತಿಳಿಯುತ್ತದೆ. ನಾಲ್ಕೂ ಕಡೆ ಕಂದು ಬಂದ ಮೇಲೆ ಸಾಸೇಜ್ ತೆಗೆದಿಡಿ.

ಸೂಪರ್ ಮಾರ್ಕೆಟ್ಟಿನ ಚಿಕನ್ ಸಾಸೇಜ್ ಸಾಮಾನ್ಯವಾಗಿ ಬೆಂದೇ ಬಂದಿರುತ್ತದೆ. ಅದಕ್ಕೆ ಇಷ್ಟು ಹೊತ್ತು ಬೇಡ. ಹಿಂದಿನ ರಾತ್ರಿಯೇ ಫ್ರೀಜರಿನಿಂದ ಫ್ರಿಜ್ಜಿನ ಕೆಳಗಿನ ತಟ್ಟೆಗೆ ಇಳಿಸಿ, ಚೂರು ಎಣ್ಣೆಯಲ್ಲಿ ನಾಲ್ಕೈದು ನಿಮಿಷ ಹೊರಳಿಸಿದರೆ ಮುಗಿಯಿತು. ಪೊಟ್ಟಣದ ಮೇಲೆ ಬೆಂದದ್ದು ಎಂದು ಬರೆದಿದೆಯೇ ಎಂಬುದನ್ನು ಮಾತ್ರ ನೋಡಿಕೊಳ್ಳಬೇಕು. ಆ ವಿಷಯಕ್ಕೆ ಮತ್ತೆ ಬರುತ್ತೇನೆ.

ಪಾಕ ಬೇರೆ ಪಾತ್ರೆಯಲ್ಲಾಗಬೇಕು, ಅದೂ ಸ್ಟೀಲಿನದು. ಕಬ್ಬಿಣದ ಬಾಣಲೆಯಲ್ಲಿ ಇಷ್ಟು ಹುಳಿ ಕುದಿಸಿದರೆ ಲೋಹದ ರುಚಿ ಇಳಿಯುತ್ತದೆ, ವರ್ಷಗಟ್ಟಲೆ ಪಳಗಿಸಿದ ಬಾಣಲೆಯ ಮೈಯೂ ಕಿತ್ತುಹೋಗುತ್ತದೆ. ಅಲ್ಯೂಮಿನಿಯಂ ಅಂತೂ ಬೇಡವೇ ಬೇಡ. ನಾಲ್ಕು ಬ್ಯಾಡಗಿ ಮೆಣಸಿನಕಾಯಿ ಬಿಸಿನೀರಿನಲ್ಲಿ ನೆನೆಸಿ, ಐದಾರು ಎಸಳು ಬೆಳ್ಳುಳ್ಳಿ, ಸಣ್ಣ ತುಂಡು ಶುಂಠಿ ಸೇರಿಸಿ ನುಣ್ಣಗೆ ಅರೆಯಿರಿ. ಬ್ಯಾಡಗಿಯನ್ನೇ ಹೇಳಲು ಕಾರಣವಿದೆ: ಬಣ್ಣ ಹೆಚ್ಚು, ಖಾರ ಕಡಿಮೆ. ಬಾಟಲಿಯವರು ಬಣ್ಣ ಸೇರಿಸಿ ತರುವ ಕೆಂಪನ್ನು ಅದು ತಾನಾಗಿಯೇ ಕೊಡುತ್ತದೆ. ಸಾಸೇಜ್ ಬಿಟ್ಟ ಕೊಬ್ಬಿನಲ್ಲಿ ಒಂದು ಚಮಚ ತೆಗೆದು ಸ್ಟೀಲ್ ಪಾತ್ರೆಗೆ ಹಾಕಿ, ಅರೆದದ್ದನ್ನು ಹಸಿ ವಾಸನೆ ಹೋಗುವವರೆಗೆ ಬಾಡಿಸಿ. ಮೂರು ದೊಡ್ಡ ಚಮಚ ಜೋನಿ ಬೆಲ್ಲ, ಕಾಲು ಲೋಟ ನೀರು, ಕುಟ್ಟಿದ ಕಾಳುಮೆಣಸು ಅರ್ಧ ಚಮಚ. ಕಾಚಂಪುಳಿ ಒಟ್ಟು ಒಂದು ಸಣ್ಣ ಚಮಚ; ಅರ್ಧವನ್ನು ಈಗಲೇ ಹಾಕಿ, ಅರ್ಧ ಉಳಿಸಿಕೊಳ್ಳಿ.

ಹುಳಿಯನ್ನು ಹೀಗೆ ಎರಡು ಸಲ ಹಾಕುವುದು ಸುಮ್ಮನೆ ಅಲ್ಲ. ಹುಳಿಯ ಜೊತೆ ಕುದಿದ ಸಕ್ಕರೆ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಹಾಗೆ ಒಡೆದ ಪಾಕ ತಣಿದ ಮೇಲೆ ಹರಳುಗಟ್ಟುವುದಿಲ್ಲ, ಹೊಳಪು ಕಳೆದುಕೊಳ್ಳುವುದಿಲ್ಲ. ಜಾಮೂನಿನ ಪಾಕಕ್ಕೆ ಅಡುಗೆಭಟ್ಟರು ನಾಲ್ಕು ಹನಿ ನಿಂಬೆರಸ ಹಿಂಡುವುದು ಇದಕ್ಕಾಗಿಯೇ. ರಸಾಯನಶಾಸ್ತ್ರ ಓದದವರೂ ತಲೆಮಾರುಗಳಿಂದ ಹಿಂಡುತ್ತಾ ಬಂದಿದ್ದಾರೆ. ಮೊದಲಿನ ಅರ್ಧ ಚಮಚ ಆ ಕೆಲಸ ಮಾಡುತ್ತದೆ. ಕೊನೆಗೆ ಬೀಳುವ ಅರ್ಧ ಚಮಚ ರುಚಿಗೆ, ಅದನ್ನು ನಾಲಿಗೆಯ ಮೇಲಿಟ್ಟು ನೋಡಿಕೊಂಡೇ ಹಾಕಬೇಕು. ಉಪ್ಪು ಹಾಕಲೇಬೇಡಿ. ಸಾಸೇಜಿನಲ್ಲಿ ಉಪ್ಪು ಇದ್ದೇ ಇದೆ. ಅರೆದ ಮಾಂಸ ಪುಡಿಪುಡಿಯಾಗದೆ ಕಚ್ಚಿಕೊಂಡು ನಿಲ್ಲುವುದೇ ಉಪ್ಪು ಮಾಂಸದ ಪ್ರೋಟೀನನ್ನು ಕರಗಿಸಿ ಅಂಟಾಗಿಸುವುದರಿಂದ.

ಹದ ನೋಡುವುದು ಸೌಟಿನ ಹಿಂಬದಿಯಲ್ಲಿ. ಪಾಕ ಅಂಟಿದ ಸೌಟಿನ ಮೇಲೆ ಬೆರಳಿನಿಂದ ಗೆರೆ ಎಳೆದರೆ ಆ ಗೆರೆ ಹಾಗೆಯೇ ನಿಲ್ಲಬೇಕು. ಒಂದೆಳೆ ಪಾಕದವರೆಗೆ ಬಿಡಬಾರದು, ತಟ್ಟೆಗೆ ಬರುವಷ್ಟರಲ್ಲಿ ಅಂಟಂಟಾಗಿ ಹಲ್ಲಿಗೆ ಹಿಡಿಯುತ್ತದೆ. ಈ ಹದಕ್ಕೆ ಬಂದಾಗ ಸಾಸೇಜುಗಳನ್ನು ಅದರೊಳಗೆ ಹಾಕಿ, ಸಣ್ಣ ಉರಿಯಲ್ಲಿ ಎರಡು ಮೂರು ನಿಮಿಷ ಹೊರಳಿಸಿ. ಮೈಗೆಲ್ಲ ಕಂದುಗೆಂಪು ಹೊಳಪು ಹತ್ತುತ್ತದೆ. ಉರಿ ಆರಿಸಿ, ಉಳಿದ ಕಾಚಂಪುಳಿ ಬಿಡಿ. ಮೊದಲ ತುತ್ತಿನಲ್ಲಿ ಬೆಲ್ಲ, ಹಿಂದೆಯೇ ಬಾಯಿ ನೀರೂರುವ ಹುಳಿ, ಕೊಬ್ಬಿನ ಜಿಡ್ಡು ಕರಗುತ್ತಿರುವಾಗ ಗಂಟಲಲ್ಲಿ ಕಾಳುಮೆಣಸು. ಹೀಗೆ ಒಂದರ ಹಿಂದೆ ಒಂದಾಗಿ ಬರುವ ರುಚಿಯನ್ನು ಬಾಟಲಿಯಿಂದ ಪಡೆಯಲಾಗದು. ಬಾಟಲಿಯದು ಎಲ್ಲವೂ ಒಂದೇ ಸಲಕ್ಕೆ ಬಂದು ಒಂದೇ ಸಲಕ್ಕೆ ಹೋಗುವ ರುಚಿ.

ಕಾಚಂಪುಳಿ ನನ್ನ ಊರಿನ ಹುಳಿ, ಅಷ್ಟೆ. ಕರಾವಳಿಯವರಿಗೆ ಪುನರ್ಪುಳಿ ಇದೆ, ಬಿಂಬುಳಿ ಇದೆ. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ವಿನೆಗರ್ ಮತ್ತು ಬಫಾತ್ ಪುಡಿ ಹಂದಿ ಮಾಂಸದ ಜೊತೆ ಎಷ್ಟೋ ತಲೆಮಾರುಗಳಿಂದ ಇವೆ. ಬಾಗಲಕೋಟೆಯವರ ಬಳಿ ಮಹಾಲಿಂಗಪುರದ ಬೆಲ್ಲ, ಎಲ್ಲರ ಬಳಿಯೂ ಹುಣಸೆ. ಚಳಿಗಾಲದಲ್ಲಿ ನಿಜವಾದ ಕೊಡಗಿನ ಕಿತ್ತಳೆ ಸಿಕ್ಕಿದರೆ ನಾಲ್ಕು ಹಣ್ಣಿನ ರಸ ಹಿಂಡಿ ಅರ್ಧಕ್ಕೆ ಇಂಗಿಸಿ ನೀರಿನ ಬದಲು ಹಾಕಿ ನೋಡಿ. ತೆಳು ಸಿಪ್ಪೆಯ, ಹುಳಿ ಬಿಡದ ಆ ಹಣ್ಣು ನಮ್ಮ ತೋಟಗಳಲ್ಲಿ ಕಡಿಮೆಯಾಗುತ್ತಾ ಬಂದಿದೆ. ಅಡುಗೆಮನೆಯಲ್ಲಿ ಬೇಡಿಕೆ ಇದ್ದರೆ ಮಾತ್ರ ಕಾಫಿಯ ನಡುವೆ ನಾಲ್ಕು ಗಿಡ ಉಳಿಸಿಕೊಳ್ಳಲು ಬೆಳೆಗಾರರಿಗೆ ಮನಸ್ಸು ಬರುತ್ತದೆ. ಕಾಚಂಪುಳಿ ಕಾಯಿಸುವವರ, ಜೋನಿ ಬೆಲ್ಲ ತುಂಬುವವರ ಮಾತೂ ಇಷ್ಟೇ.

ಲೇಪಕ್ಕೆ ಯಾಕೆ ಇಷ್ಟು ಮಹತ್ವ, ಸಾಸೇಜೇ ತಾನೆ ಮುಖ್ಯ ಎನ್ನುವವರಿಗೆ ಬರ್ಲಿನ್‌ನ ಒಂದು ಸಂಗತಿ ಹೇಳಬೇಕು. ನನ್ನ ತಂಗಿಯ ಮಗಳು ಅಲ್ಲಿ ಓದುತ್ತಿದ್ದಾಳೆ. ಯುದ್ಧದಿಂದ ಹಾಳಾಗಿದ್ದ ಆ ನಗರದಲ್ಲಿ ಹರ್ಟಾ ಹಾಯ್ವರ್ ಎಂಬ ಹೆಂಗಸು 1949ರ ಸೆಪ್ಟೆಂಬರ್ 4ರಂದು, ಶಾರ್ಲೊಟೆನ್‌ಬುರ್ಗ್‌ನ ತನ್ನ ಪುಟ್ಟ ಅಂಗಡಿಯಲ್ಲಿ, ಟೊಮೆಟೊ, ಕರಿ ಪೌಡರ್ ಮತ್ತಿತರ ಮಸಾಲೆ ಕೂಡಿಸಿದ ಸಾಸ್ ಮಾಡಿ ಸಾಸೇಜಿನ ಮೇಲೆ ಸುರಿದಳು. ಇವತ್ತು ಜರ್ಮನಿಯಲ್ಲೆಲ್ಲ ಮಾರುವ ಕರಿವುರ್ಸ್ಟ್ ಹುಟ್ಟಿದ್ದು ಹೀಗೆ ಎಂದು ಆ ಊರು ನಂಬಿದೆ. ಸಾಸೇಜ್ ಅಲ್ಲಿ ಮೊದಲಿನಿಂದಲೂ ಇತ್ತು. ಹೊಸದಾಗಿದ್ದದ್ದು ಸಾಸ್. ತನ್ನ ಸಾಸಿಗೆ ಆಕೆ ಒಂದು ಹೆಸರನ್ನೂ ಅಧಿಕೃತವಾಗಿ ನೋಂದಾಯಿಸಿಕೊಂಡಿದ್ದಳು. ಕೈಗೆ ಸಿಕ್ಕ ಪದಾರ್ಥದಿಂದ ತನ್ನ ನಾಲಿಗೆಯನ್ನು ನಂಬಿ ಒಬ್ಬಳು ಕಲಸಿದ ಪಾಕ ಒಂದು ನಗರದ ಗುರುತಾಯಿತು.

ಈ ಕಥೆ ನನಗೆ ಹೇಳಿದವಳು ಆ ಹುಡುಗಿಯೇ. ‘ದೊಡ್ಡಮ್ಮ, ಇಲ್ಲಿ ಸಾಸೇಜ್ ನೂರಾರು ಥರ ಸಿಗುತ್ತೆ, ಆದ್ರೆ ಎಲ್ಲದಕ್ಕೂ ಕೆಚಪ್ಪೇ’ ಎಂದಳು. ಕಳೆದ ಸಲ ಬಂದವಳು ಹೊರಡುವಾಗ ಕಾಚಂಪುಳಿಯನ್ನು ಎರಡು ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿ ಸೂಟ್‌ಕೇಸಿನ ಬಟ್ಟೆಯ ನಡುವೆ ಇಟ್ಟುಕೊಂಡಳು. ಈಗ ಹಾಸ್ಟೆಲಿನ ಗೆಳತಿಯರಿಗೆ ಮಾಡಿ ಬಡಿಸುತ್ತಾಳೆ. ಅಲ್ಲಿಯ ಅಂಗಡಿಯಲ್ಲಿ ಜೋನಿ ಬೆಲ್ಲವಿಲ್ಲ, ಸಕ್ಕರೆ ಬೀಟ್‌ಗೆಡ್ಡೆಯ ಕಪ್ಪು ಪಾಕ ಸಿಗುತ್ತದಂತೆ, ಅದನ್ನೇ ಹಾಕುತ್ತಾಳೆ. ಹಾಗೆ ಬದಲಾಯಿಸಿಕೊಂಡದ್ದು ಸರಿಯಾಗಿದೆ ಎಂದೇ ನನ್ನ ಅಭಿಪ್ರಾಯ. ಹದ ತಿಳಿದವರಿಗೆ ಊರಿನ ಪದಾರ್ಥ ಯಾವುದಾದರೂ ಒದಗುತ್ತದೆ.

‘ಸಾಸೇಜ್ ನಮ್ಮ ಊಟವೇ ಅಲ್ಲ’ ಎಂಬ ಮಾತನ್ನೂ ಆಗಾಗ ಕೇಳುತ್ತೇನೆ. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದಿಂದ, ಅಂದರೆ ಇಂದಿನ ಬಸವಕಲ್ಯಾಣದಿಂದ, ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಹಂದಿ ಮಾಂಸದ ಅಡುಗೆಗಳಿವೆ, ಮಸಾಲೆ ಬೆರೆಸಿದ ಹೂರಣವನ್ನು ಕರುಳಿನಲ್ಲಿ ತುಂಬಿ ಕೆಂಡದಲ್ಲಿ ಸುಡುವ ಅಡುಗೆಯೂ ಇದೆ. ಹಳೇ ಮೈಸೂರಿನ ಉಪ್ಪುಕಂಡ, ಒಲೆಯ ಮೇಲೆ ಹೊಗೆಗೆ ತೂಗುಹಾಕಿದ ಮಾಂಸ, ಗೋವೆಯ ಖಾರ-ವಿನೆಗರ್ ಸಾಸೇಜು, ಎಲ್ಲವೂ ಮಾಂಸವನ್ನು ಕೆಡದಂತೆ ಉಳಿಸಿಕೊಳ್ಳುವ ದಾರಿಗಳೇ. ಹಂದಿ ತಿನ್ನುವ ಮನೆಗಳು ಕರ್ನಾಟಕದಲ್ಲಿ ಬೇಕಾದಷ್ಟಿವೆ. ಆದರೂ ಕನ್ನಡ ಪತ್ರಿಕೆಗಳ ಅಡುಗೆ ಪುಟಗಳಲ್ಲಿ ಅದರ ಅಡುಗೆ ಬರುವುದು ತೀರ ಅಪರೂಪ. ತಿನ್ನದವರ ಮೇಲೆ ಹೇರಬೇಕೆಂದು ನಾನು ಹೇಳುತ್ತಿಲ್ಲ. ತಿನ್ನುವವರು ತಮ್ಮ ಅಡುಗೆಯ ತಿಳಿವಳಿಕೆಯನ್ನು ಕನ್ನಡದಲ್ಲಿ ಓದುವಂತಾಗಬೇಕು. ಕನ್ನಡದಲ್ಲಿ ಸಿಗದ್ದನ್ನು ಬಾಟಲಿಯ ಹಿಂಬದಿಯ ಇಂಗ್ಲಿಷ್ ತುಂಬುತ್ತಿದೆ.

ಆರೋಗ್ಯದ ಪ್ರಶ್ನೆ ಬೇರೆ, ಅದು ಗಂಭೀರವಾದದ್ದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರ ಅಕ್ಟೋಬರ್‌ನಲ್ಲಿ ಸಂಸ್ಕರಿಸಿದ ಮಾಂಸವನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಪದಾರ್ಥಗಳ ಮೊದಲ ಗುಂಪಿಗೆ ಸೇರಿಸಿತು. ಪ್ರತಿದಿನ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ಶೇ 18ರಷ್ಟು ಏರುತ್ತದೆ ಎಂದು ಅದರ ಲೆಕ್ಕ. 50 ಗ್ರಾಂ ಎಂದರೆ ಹೆಚ್ಚುಕಡಿಮೆ ಒಂದು ಸಾಸೇಜ್. ಆದ್ದರಿಂದ ಮಕ್ಕಳ ಟಿಫಿನ್ ಡಬ್ಬಿಗೆ ದಿನಾ ಸಾಸೇಜ್ ತುಂಬುವ ತಾಯಂದಿರಿಗೆ ನಾನು ಕೈಮುಗಿದು ಬೇಡ ಎನ್ನುತ್ತೇನೆ. ನಮ್ಮ ಮನೆಯಲ್ಲಿ ಅದು ಅಪರೂಪದ ಭಾನುವಾರದ ಅಡುಗೆ. ಅಪರೂಪಕ್ಕೆ ತಿನ್ನುವುದನ್ನು ಅರ್ಧ ಗಂಟೆ ಹೆಚ್ಚು ನಿಂತು ಚೆನ್ನಾಗಿ ಮಾಡಿಕೊಳ್ಳೋಣ ಎಂಬುದು ನನ್ನ ವಾದದ ಒಂದು ಭಾಗ. ದುಡಿದು ದಣಿದು ಬರುವವರಿಗೆ ಆ ಅರ್ಧ ಗಂಟೆ ಎಲ್ಲಿಂದ ಎಂದರೆ, ಪಾಕವನ್ನು ಬಿಡುವಿದ್ದ ದಿನ ಮಾಡಿ ಗಾಜಿನ ಬಾಟಲಿಯಲ್ಲಿ ಫ್ರಿಜ್ಜಿನಲ್ಲಿಡಿ. ಇಷ್ಟು ಬೆಲ್ಲ, ಇಷ್ಟು ಹುಳಿ ಇರುವಾಗ ಒಂದು ವಾರಕ್ಕೆ ಏನೂ ಆಗುವುದಿಲ್ಲ. ಅಕ್ಕಿ ರೊಟ್ಟಿಗೂ ಹಚ್ಚಿಕೊಳ್ಳಬಹುದು.

ಅಂಗಡಿಯ ಸಾಸ್ ಬಾಟಲಿಯ ಹಿಂಬದಿಯನ್ನು ಒಮ್ಮೆ ಓದಿ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬುದು ನಿಯಮ. ಯಾವುದು ಹೆಚ್ಚಿದೆಯೋ ಅದು ಮೊದಲು. ಬಹಳಷ್ಟು ಸಿಹಿ ಸಾಸ್‌ಗಳಲ್ಲಿ ಸಕ್ಕರೆ ಮೊದಲ ಎರಡು ಮೂರು ಸ್ಥಾನದೊಳಗೇ ಇರುತ್ತದೆ. ಮುಂದೆ 1422, 415, 211 ಎಂಬಂಥ ಅಂಕಿಗಳು ಬರುತ್ತವೆ. ಮೊದಲಿನದು ಮಾರ್ಪಡಿಸಿದ ಪಿಷ್ಟ, ಎರಡನೆಯದು ಕ್ಸಾಂಥನ್ ಗಮ್, ಮೂರನೆಯದು ಸೋಡಿಯಂ ಬೆಂಜೋಯೇಟ್. ಇವು ಅನುಮತಿ ಇರುವ ಪದಾರ್ಥಗಳೇ, ವಿಷವೆಂದು ಹೆದರಿಸುವುದು ನನ್ನ ಉದ್ದೇಶವಲ್ಲ. ಪಾಕ ಇಂಗಿ ಮಂದವಾಗುವ ಕೆಲಸವನ್ನು ಪಿಷ್ಟಕ್ಕೂ ಗಮ್ಮಿಗೂ ವಹಿಸಲಾಗಿದೆ, ನಾನು ತೋರಿಸುತ್ತಿರುವುದು ಅದನ್ನು. ಇಂಗುವುದರಿಂದ ಬರುವ ರುಚಿ ಅಂಟಿನಿಂದ ಬರುವುದಿಲ್ಲ.

ಸಾಸೇಜಿನ ಪೊಟ್ಟಣದ ವಿಷಯಕ್ಕೆ ಮತ್ತೆ ಬರುತ್ತೇನೆ ಎಂದಿದ್ದೆ. ಅದರಲ್ಲಿ 250 ಎಂಬ ಅಂಕಿ ಕಂಡರೆ ಸೋಡಿಯಂ ನೈಟ್ರೈಟ್ ಇದೆ ಎಂದರ್ಥ. ಗುಲಾಬಿ ಬಣ್ಣ ಉಳಿಯುವುದು ಅದರಿಂದ. ಅಂಥ ಸಾಸೇಜ್ ಪೂರ್ತಿ ಬೆಂದರೂ ಒಳಗೆ ಗುಲಾಬಿಯಾಗಿಯೇ ಇರುತ್ತದೆ, ಆದ್ದರಿಂದ ಕತ್ತರಿಸಿ ಬಣ್ಣ ನೋಡಿ ಬೆಂದಿದೆಯೋ ಇಲ್ಲವೋ ಎಂದು ತೀರ್ಮಾನಿಸಲಾಗದು. ಬೆಂದು ಬಂದದ್ದೋ ಹಸಿಯೋ ಎಂಬುದನ್ನು ಪೊಟ್ಟಣವೇ ಹೇಳಬೇಕು. ಹೇಳುತ್ತದೆ, ಆದರೆ ಇಂಗ್ಲಿಷಿನಲ್ಲಿ, ಸಾಸಿವೆ ಗಾತ್ರದ ಅಕ್ಷರದಲ್ಲಿ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ಲೇಬಲ್ ನಿಯಮಗಳ ಪ್ರಕಾರ ಇಂಗ್ಲಿಷ್ ಅಥವಾ ದೇವನಾಗರಿ ಲಿಪಿಯ ಹಿಂದಿ ಕಡ್ಡಾಯ. ಬೇರೆ ಭಾಷೆ ಜೊತೆಗೆ ಇರಬಹುದು, ಇರಲೇಬೇಕೆಂದಿಲ್ಲ. ನನ್ನ ಅಮ್ಮನಿಗೆ ಕನ್ನಡ ಬಿಟ್ಟು ಬೇರೆ ಅಕ್ಷರ ಬಾರದು. ಅರವತ್ತು ವರ್ಷ ಮಾಂಸ ಬೇಯಿಸಿದ ಅವರು ಮೈಸೂರಿಗೆ ಬಂದಾಗ ಫ್ರೀಜರಿನ ಪೊಟ್ಟಣವನ್ನು ಕೈಯಲ್ಲಿ ಹಿಡಿದು ‘ಇದು ಬೆಂದಿದ್ದೋ ಹಸೀದೋ, ಉಪ್ಪು ಎಷ್ಟಿದೆ?’ ಎಂದು ನನ್ನನ್ನೇ ಕೇಳಬೇಕು. ಅಷ್ಟು ತಿಳಿಯದೆ ಪಾಕಕ್ಕೆ ಎಷ್ಟು ಹುಳಿ, ಎಷ್ಟು ಸಿಹಿ ಎಂದು ಅಂದಾಜು ಮಾಡುವುದು ಅವರಿಂದಲೂ ಆಗದು.

ಕರ್ನಾಟಕದಲ್ಲಿ ಮಾರುವ ಮಾಂಸದ ಪೊಟ್ಟಣಗಳ ಮೇಲೆ ನಾಲ್ಕು ವಿಷಯ ಕನ್ನಡದಲ್ಲಿ ಇರಬೇಕೆಂದು ರಾಜ್ಯ ಸರ್ಕಾರ ಪ್ರಾಧಿಕಾರದ ಮುಂದೆ ಕೇಳಬೇಕು: ಹಸಿಯೋ ಬೆಂದದ್ದೋ, ಯಾವ ಪ್ರಾಣಿಯ ಮಾಂಸ, ಶೇಕಡಾ ಎಷ್ಟು ಮಾಂಸ, ನೂರು ಗ್ರಾಮಿಗೆ ಎಷ್ಟು ಉಪ್ಪು. ಕಂಪನಿಗಳು ನಿಯಮ ಬರುವವರೆಗೆ ಕಾಯಬೇಕಾಗಿಯೂ ಇಲ್ಲ, ಜೊತೆಗೆ ಕನ್ನಡ ಹಾಕಲು ಈಗಲೂ ಅಡ್ಡಿಯಿಲ್ಲ. ಅಲ್ಲಿಯವರೆಗೆ ಹಂದಿ ಮಾಂಸದ ಅಂಗಡಿಯವರನ್ನು ಎದುರಿಗೇ ನಿಂತು ಕೇಳಿ: ಯಾವತ್ತು ಅರೆದದ್ದು, ಕೊಬ್ಬು ಎಷ್ಟು ಹಾಕಿದ್ದೀರಿ, ಉಪ್ಪು ಎಷ್ಟು, ತೊಗಲು ಕರುಳಿನದೋ ಬೇರೆಯದೋ? ಒಳ್ಳೆಯ ಅಂಗಡಿಯವರು ಬೇಸರಿಸದೆ ಹೇಳುತ್ತಾರೆ. ಕೊಬ್ಬು ಕಾಲು ಭಾಗದಿಂದ ಮೂರರಲ್ಲೊಂದು ಭಾಗದೊಳಗೆ ಇದ್ದರೆ ಬಾಣಲೆಗೆ ಬೇರೆ ಎಣ್ಣೆ ಬೇಡ. ಉಪ್ಪು ಜಾಸ್ತಿ ಎಂದರೆ ಕಾಚಂಪುಳಿಯನ್ನು ಕಾಲು ಚಮಚ ಇಳಿಸಿ, ಬೆಲ್ಲವನ್ನು ಅಷ್ಟೇ ಏರಿಸಿ.